ಸಾಣಿಗಿ ದೀಪ ಹತ್ತಿದ ವ್ಯಾನು

ಆರು ವ್ಯಾನುಗಳೂ ಒಂದೇ ವಾರದಲ್ಲಿ ಬಂದಿದ್ದವು. ಒಂದೇ ಬಣ್ಣ, ಒಂದೇ ಎಂಜಿನ್, ಒಂದೇ ಬಂಕಿನ ಡೀಸೆಲ್. ಆದರೂ ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಹಳದಿ ದೀಪ ಹತ್ತುತ್ತಿದ್ದದ್ದು ಒಂದರಲ್ಲಿ ಮಾತ್ರ. ಅದು ಚಿಂಬಲ್‌ನಿಂದ ಮಡ್ಕಯಿಗೆ ಬರುವ ವ್ಯಾನು.

ಗೋವಾದ ಮಡ್ಕಯಿಯ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಗೆ ಕೆಲಸದವರನ್ನು ಕರೆತಂದು ಬಿಡುವ ಗುತ್ತಿಗೆ ನಮ್ಮ ಸಂಸ್ಥೆಯದು. ವಾಹನಗಳ ಉಸ್ತುವಾರಿ ನನ್ನದು. ಯಾವ ವ್ಯಾನಿಗೆ ಯಾವಾಗ ಎಣ್ಣೆ ಬದಲಿಸಬೇಕು, ಯಾವ ಟೈರು ಸವೆದಿದೆ, ಯಾವುದು ವರ್ಕ್‌ಶಾಪಿಗೆ ಹೋಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವಳು ನಾನು. ಧಾರವಾಡದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುವಾಗ ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಇಲ್ಲಿಯೂ ಕಚೇರಿಯ ತಗಡಿನ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಈ ಕಾರಣಕ್ಕೋ ಏನೋ, ಗೊತ್ತಿಲ್ಲ ಎಂದು ಹೇಳುವುದು ನನಗೆ ಉಳಿದವರಿಗಿಂತ ಕಷ್ಟವಾಗುತ್ತಿತ್ತು.

ಚಿಂಬಲ್ ವ್ಯಾನಿನ ಚಾಲಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ವಿಜಯಪುರ ಕಡೆಯವರು, ಐವತ್ತೈದು ದಾಟಿದವರು, ಚಿಂಬಲ್‌ನಲ್ಲೇ ಮನೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಆರು ಚಾಲಕರಲ್ಲಿ ಬ್ರೇಕ್ ಪ್ಯಾಡ್ ಅತಿ ಕಡಿಮೆ ಸವೆಯುತ್ತಿದ್ದದ್ದು ಅವರ ವ್ಯಾನಿನದು. ಡೀಸೆಲ್ ಕಡಿಮೆ ಕುಡಿಯುತ್ತಿದ್ದದ್ದೂ ಮೊದಮೊದಲು ಅವರದೇ.

ಮಳೆಗಾಲ ಮುಗಿದು ಬಿಸಿಲು ಏರಿದ ದಿನಗಳು. ಒಂದು ಮಧ್ಯಾಹ್ನ ಚಾಚಾ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಬಾಯಾರ, ಸಾಣಿಗಿ ಹತ್ತೇತ್ರಿ."

"ಏನು ಹತ್ತೈತಿ?"

"ಸಾಣಿಗಿರಿ. ಹಿಟ್ಟ ಸಾಣಿಸ್ತಾರಲ್ರಿ, ಅದು. ಬಂದು ನೋಡ್ರಿ."

ಹೋಗಿ ನೋಡಿದೆ. ಒಂದು ಪುಟ್ಟ ಡಬ್ಬಿ, ಅದರೊಳಗೆ ಚುಕ್ಕಿಗಳು, ಎರಡೂ ಕಡೆ ಕೊಳವೆಯ ಗೆರೆ. ಎಂಜಿನ್ನಿನ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಫಿಲ್ಟರಿನ ಗುರುತು ಅದು. ಚಾಚಾ ಚಿತ್ರ ನೋಡಿ ಇಟ್ಟ ಹೆಸರು ಕೈಪಿಡಿಯ ಹೆಸರಿಗಿಂತ ಚೆನ್ನಾಗಿಯೇ ಹೊಂದುತ್ತಿತ್ತು. ಆ ಫಿಲ್ಟರ್ ನಿಜಕ್ಕೂ ಒಂದು ಜರಡಿ. ಹೊಸ ಡೀಸೆಲ್ ಗಾಡಿಗಳಲ್ಲೆಲ್ಲ ಹೊಗೆಕೊಳವೆಯ ನಡುವೆ ಅದು ಇರುತ್ತದೆ. ಮಸಿ ತುಂಬಿತೆಂದರೆ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಅದನ್ನು ಕೆಂಡದಷ್ಟು ಕಾಯಿಸಿ ಒಳಗಿನ ಮಸಿಯನ್ನು ಸುಟ್ಟುಹಾಕುತ್ತದೆ. ಗಾಡಿ ಬಿಸಿಯಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಈ ಕೆಲಸ ಮುಗಿಯುತ್ತದೆ. ಬರೀ ಸಣ್ಣ ಸಣ್ಣ ದೂರ ಓಡಿಸುವವರ ಗಾಡಿಗಳಲ್ಲಿ ಇದು ಮುಗಿಯುವುದಿಲ್ಲ, ಆಗ ದೀಪ ಹತ್ತುತ್ತದೆ ಎಂದು ಕೈಪಿಡಿ ಹೇಳುತ್ತದೆ.

ಆದರೆ ಚಾಚಾರ ದಾರಿ ಸಣ್ಣದಲ್ಲ. ಚಿಂಬಲ್‌ನಿಂದ ಹಳೇ ಗೋವಾ, ಬಾಣಸ್ತರಿ ಸೇತುವೆ, ಮಾರ್ದೋಳ ದಾಟಿ ಮಡ್ಕಯಿಗೆ ಬರಲು ನಡುವಿನ ನಿಲುಗಡೆಗಳೂ ಸೇರಿ ಮುಕ್ಕಾಲು ಗಂಟೆ ಬೇಕು. ಹಾಗಾಗಿ ಕೈಪಿಡಿಯ ಕಾರಣವನ್ನು ನಾನು ಅಂದೇ ಪಟ್ಟಿಯಿಂದ ಹೊಡೆದುಹಾಕಿದೆ. ಅದು ನನ್ನ ಮೊದಲ ತಪ್ಪು.

ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಜೋಡಿಸಿ, ಗಾಡಿ ನಿಲ್ಲಿಸಿಕೊಂಡೇ ಬಲವಂತವಾಗಿ ಮಸಿ ಸುಡಿಸಿದರು. ದೀಪ ಆರಿತು. ಒಂಬತ್ತನೇ ದಿನ ಚಾಚಾ ಮತ್ತೆ ಬಾಗಿಲಲ್ಲಿದ್ದರು.

"ಸಾಣಿಗಿ ಮತ್ತ ಬಂತ್ರಿ."

ಈ ಸಲ ನಾನು ಡೀಸೆಲ್ ಮೇಲೆ ಅನುಮಾನಪಟ್ಟೆ. ಟ್ಯಾಂಕಿನಿಂದ ಗಾಜಿನ ಬಾಟಲಿಗೆ ಒಂದಿಷ್ಟು ಇಳಿಸಿ, ಇನ್ನೊಂದು ವ್ಯಾನಿನ ಡೀಸೆಲ್ ಪಕ್ಕ ಇಟ್ಟು ಇಡೀ ದಿನ ನೋಡಿದೆ. ನೀರು ಕೆಳಗೆ ಕೂರಲಿಲ್ಲ, ಬಣ್ಣದಲ್ಲೂ ಫರಕು ಇರಲಿಲ್ಲ. ಫಿಲ್ಟರಿನ ಒತ್ತಡ ಅಳೆಯುವ ಸೆನ್ಸರಿಗೆ ಹೋಗುವ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿವೆಯೇ ಎಂದು ವ್ಯಾನಿನ ಕೆಳಗೆ ಮಲಗಿ ಬೆರಳಾಡಿಸಿದೆ. ಅವೂ ಸರಿಯಾಗಿದ್ದವು. ವರ್ಕ್‌ಶಾಪಿನ ತಂತ್ರಜ್ಞ ಸ್ಕ್ಯಾನರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಸುಡುವ ಕೆಲಸ ಶುರುವಾಗುತ್ತಿದೆ, ಆದರೆ ಮುಗಿಯುತ್ತಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಸೆನ್ಸರ್ ಸುಳ್ಳು ಹೇಳುತ್ತಿರಬಹುದು ಎಂದ. ಸೆನ್ಸರ್ ಬದಲಿಸಿದೆವು.

ಆ ದಿನಗಳಲ್ಲೇ ಚಾಚಾ ಇನ್ನೊಂದು ಮಾತು ಹೇಳಿದ್ದರು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ನೋಡುವ ರೂಢಿ ಅವರದು.

"ಬಾಯಾರ, ಎಂಜಿನ್ ಎಣ್ಣಿ ಹೆಚ್ಚಾಗಾಕತ್ತೈತ್ರಿ. ಮ್ಯಾಲಿನ ಗೆರಿ ದಾಟೇತಿ. ಯಾರರ ಹಾಕ್ಯಾರೇನ್ರಿ?"

"ಎಣ್ಣಿ ಕಮ್ಮಿ ಆಗ್ತೈತಿ ಚಾಚಾ, ಹೆಚ್ಚು ಹೆಂಗ ಆದೀತು?" ಎಂದು ನಾನು ನಕ್ಕೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದಾಗ ನೋಡಿರಬೇಕು ಎಂದುಕೊಂಡೆ. ಅವರು ಮತ್ತೆರಡು ಸಲ ಹೇಳಿದರು. ಮತ್ತೆರಡು ಸಲವೂ ನಾನು ಕೆಲಸದ ನಡುವೆ ಹೂಂಗುಟ್ಟಿದೆ.

ಮೂರನೇ ಸಲ ದೀಪ ಹತ್ತಿದಾಗ ನಾನು ಬೇರೆ ಊರಿನಲ್ಲಿದ್ದೆ. ಎರಡು ದಿನ ದೀಪ ಹತ್ತಿಕೊಂಡೇ ವ್ಯಾನು ಓಡಿತು. ಮೂರನೆಯ ದಿನ ಬೆಳಗಿನ ಪಾಳಿಗೆ ಹದಿಮೂರು ಹೆಣ್ಣುಮಕ್ಕಳನ್ನು ಹೊತ್ತು ಬರುವಾಗ, ಸೇತುವೆ ದಾಟಿದ ಮೇಲಿನ ಏರಿನಲ್ಲಿ ಪಕ್ಕದ ಇನ್ನೊಂದು ದೀಪವೂ ಹತ್ತಿತು. ಎಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಂಡಿತು. ಇದು ಹೊಸ ಗಾಡಿಗಳ ಸ್ವರಕ್ಷಣೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ತೆವಳುತ್ತದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದರೆ ಚಾಚಾ ಎಡಬದಿಗೆ ಸರಿದು ತೆವಳುತ್ತಲೇ ಬಂದರು. ಕಾರ್ಖಾನೆಯ ಗೇಟು ಮುಟ್ಟುವಾಗ ಮೂವತ್ತೈದು ನಿಮಿಷ ತಡ. ಹದಿಮೂರು ಜನರಿಗೂ ಅರ್ಧ ದಿನ ಗೈರುಹಾಜರಿ ಬಿತ್ತು.

ಮರುದಿನ ನಾನು ಬಂದಾಗ ನಮ್ಮ ವ್ಯವಸ್ಥಾಪಕರು ಕೋಣೆಯಲ್ಲೇ ಕಾಯುತ್ತಿದ್ದರು. ಬೆಳಗಾವಿಯವರು, ದನಿ ಏರಿಸುವವರಲ್ಲ.

"ಮೇಡಮ್, ಐದು ಗಾಡಿಗೆ ಇಲ್ಲದ್ದು ಒಂದಕ್ಕ ಯಾಕ ಬರ್ತದ?"

"ಹುಡುಕಾಕತ್ತೇನ್ರಿ ಸರ್."

"ಒಂದೂವರಿ ತಿಂಗಳಾತು. ಗಾಡಿ ಸರಿ ಇಲ್ಲ, ಇಲ್ಲಾ ಓಡಸಾವ ಸರಿ ಇಲ್ಲ. ಎರಡರಾಗ ಯಾವುದು ಅಂತ ಹೇಳ್ರಿ, ಅಷ್ಟ ಸಾಕು."

ಪ್ರಶ್ನೆ ನೇರವಾಗಿತ್ತು, ಉತ್ತರ ಹುಡುಕುವ ದಾರಿಯೂ ನೇರವಾಗಿಯೇ ಹೊಳೆಯಿತು. ವಾಸ್ಕೋ ದಾರಿಯ ಚಾಲಕ ಮೂವತ್ತರ ಆಸುಪಾಸಿನವನು, ಗೇರು ಎಳೆದೆಳೆದು ಜೋರಾಗಿ ಓಡಿಸುವವನು. ಚಾಚಾರ ವ್ಯಾನಿನ ಮಸಿಯನ್ನು ವರ್ಕ್‌ಶಾಪಿನಲ್ಲಿ ಮತ್ತೊಮ್ಮೆ ಸುಡಿಸಿ ಅವನಿಗೆ ಕೊಟ್ಟೆ, ಅವನದನ್ನು ಚಾಚಾಗೆ. ದಾರಿಗಳು ಮೊದಲಿನವೇ. ದೀಪ ಗಾಡಿಯ ಜೊತೆ ಹೋಗುತ್ತದೆಯೋ, ಓಡಿಸುವವರ ಜೊತೆ ಹೋಗುತ್ತದೆಯೋ ಎಂದು ಕಾದು ಕುಳಿತೆ. ಆ ದಿನಗಳಲ್ಲಿ ನನಗೆ ಒಂಥರಾ ಉತ್ಸಾಹವಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದಿನಾ ಸಂಜೆ ಎರಡೂ ವ್ಯಾನುಗಳ ಫಲಕ ನೋಡಿ ಬರೆದಿಡುತ್ತಿದ್ದೆ. ಡಿಪ್ಲೊಮಾದ ಪ್ರಯೋಗಶಾಲೆಯ ದಿನಗಳು ನೆನಪಾಗುತ್ತಿದ್ದವು.

ಚಾಚಾರ ಹಳೆಯ ವ್ಯಾನು ವಾಸ್ಕೋ ದಾರಿಯಲ್ಲಿ ಒಮ್ಮೆಯೂ ದೀಪ ತೋರಿಸಲಿಲ್ಲ. ಎಂದೂ ದೀಪ ತೋರಿಸದಿದ್ದ ವಾಸ್ಕೋ ವ್ಯಾನು ಚಾಚಾರ ಕೈಗೆ ಬಂದ ಹತ್ತನೇ ದಿನ ದೀಪ ಹತ್ತಿಸಿಕೊಂಡಿತು.

ವ್ಯವಸ್ಥಾಪಕರು ನನ್ನ ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು.

"ಮತ್ತೇನ ಬೇಕು ಮೇಡಮ್? ಪರೀಕ್ಷಾ ನಿಮ್ಮದ, ಉತ್ತರಾನೂ ನಿಮ್ಮದ. ಶನಿವಾರ ಅವರನ್ನ ಬಿಡಿಸೂಣು."

"ಅವರು ಏನು ತಪ್ಪು ಮಾಡಾಕತ್ತಾರ ಅಂತ ಇನ್ನೂ ಗೊತ್ತಾಗಿಲ್ರಿ ಸರ್."

"ಗೊತ್ತಾಗೂದು ಯಾಕ ಬೇಕು? ಅವರು ಬಿಟ್ಟರ ದೀಪ ಹತ್ತೂದಿಲ್ಲ, ಅಷ್ಟ ಗೊತ್ತಾತಲ್ಲ."

ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನ ಚಾಚಾರ ವ್ಯಾನಿನಲ್ಲಿ ನಾನೇ ಓಡಾಡುತ್ತೇನೆ ಎಂದೆ. ಅವರು ಭುಜ ಕುಣಿಸಿ ಒಪ್ಪಿದರು. ಸುಮಾರು ಎರಡು ತಿಂಗಳಲ್ಲಿ ಸೆನ್ಸರ್ ಬದಲಿಸಿದ್ದೆ, ಡೀಸೆಲ್ ಪರೀಕ್ಷಿಸಿದ್ದೆ, ವ್ಯಾನು ಅದಲುಬದಲು ಮಾಡಿದ್ದೆ. ಅವರ ಪಕ್ಕದ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂತಿರಲಿಲ್ಲ.

ಮೊದಲ ದಿನ ಮಧ್ಯಾಹ್ನದ ಪಾಳಿಗೆ ಚಿಂಬಲ್‌ಗೆ ಹೋಗಿ ಹತ್ತಿದೆ. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಗಡಿಯಾರ. ಎಲ್ಲಿ ನಿಂತಿತು, ಎಷ್ಟು ಹೊತ್ತು, ಎಂಜಿನ್ ಚಾಲೂ ಇತ್ತೋ ಬಂದ್ ಇತ್ತೋ, ಎಲ್ಲವನ್ನೂ ಬರೆಯುವುದು ನನ್ನ ಲೆಕ್ಕಾಚಾರ. ಚಾಚಾಗೆ ಶನಿವಾರದ ವಿಷಯ ಯಾರೋ ಮುಟ್ಟಿಸಿದ್ದರು. ಅವರು ಕೀಲಿಯನ್ನು ಅರ್ಧ ತಿರುಗಿಸಿ ಸುಮ್ಮನೆ ಫಲಕ ನೋಡುತ್ತ ಕುಳಿತರು. ದೀಪಗಳೆಲ್ಲ ಒಟ್ಟಿಗೆ ಹತ್ತಿ ಒಂದೊಂದಾಗಿ ಆರಿದವು. ಹಳದಿಯ ಸಾಣಿಗಿ ಮಾತ್ರ ಉಳಿಯಿತು.

"ಏನು ನೋಡ್ತೀರಿ ಚಾಚಾ?"

"ಎಣಸ್ತೇನ್ರಿ. ಹತ್ತಬೇಕಾದದ್ದು ಎಲ್ಲಾ ಹತ್ತಬೇಕು, ಆಮ್ಯಾಲ ಆರಬೇಕು. ಹತ್ತದ ಇದ್ರ ಅದರ ಬಲ್ಬ್ ಹೋಗೇತಿ ಅಂತ. ನಾಳೆ ಖರೇ ತ್ರಾಸ ಆದಾಗ ಅದು ಹೆಂಗ ಹೇಳೀತು?"

ನಾನು ಕಂಡ ಯಾವ ಚಾಲಕನಿಂದಲೂ ಈ ಮಾತು ಕೇಳಿರಲಿಲ್ಲ. ಒಂದೊಂದೇ ದೀಪದ ಹೆಸರು ಕೇಳಿದೆ. ಎಂಜಿನ್ ಗುರುತು ಅವರಿಗೆ ನಲ್ಲಿ. ಎಣ್ಣೆಯ ಗುರುತು ಚಹಾದ ಕಿಟ್ಲಿ, ಅದರ ಮೂತಿಯಿಂದ ಹನಿ ಬೀಳುತ್ತದೆ. ಚಳಿಯಲ್ಲಿ ಎಂಜಿನ್ ಬೆಚ್ಚಗಾಗುವಾಗ ಹತ್ತುವ ಸುರುಳಿ ಜಿಲೇಬಿ. ಗಾಳಿಚೀಲದ ಗುರುತಿನಲ್ಲಿ ಒಬ್ಬ ಮನುಷ್ಯ ಮಡಿಲಲ್ಲಿ ಚಂಡು ಹಿಡಿದು ಕೂತಿದ್ದಾನೆ.

"ನಲ್ಲಿ ಹತ್ತಿದ್ರ ಏನು ಮಾಡ್ತೀರಿ?"

"ಹಳದಿ ಇದ್ರ ನಿಮಗ ಹೇಳ್ತೇನ್ರಿ. ಕೆಂಪ ಯಾವುದ ಹತ್ತಲಿ, ಅಲ್ಲೇ ನಿಲ್ಲಸ್ತೇನ್ರಿ. ಕೆಂಪಿಗೆ ಸಬೂಬ ಇಲ್ಲ."

ಅಷ್ಟು ಅವರಿಗೆ ಯಾರೂ ಕಲಿಸಿರಲಿಲ್ಲ. ಬಣ್ಣ ನೋಡಿ ತಾವೇ ಕಂಡುಕೊಂಡಿದ್ದರು.

ಮೊದಲ ಎರಡು ದಿನ ಪುಸ್ತಕದಲ್ಲಿ ದೂರುವಂಥದ್ದು ಏನೂ ದಾಖಲಾಗಲಿಲ್ಲ. ಚಾಚಾ ಗೇರನ್ನು ಸರಿಯಾದ ಹೊತ್ತಿಗೆ ಬದಲಿಸುತ್ತಿದ್ದರು. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ಕೆಟ್ಟ ಚಾಳಿ ಇರಲಿಲ್ಲ. ಹೆಣ್ಣುಮಕ್ಕಳು ಹತ್ತಿ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಹೊರಡುತ್ತಿದ್ದರು. ನಿಲುಗಡೆಗಳಲ್ಲಿ ಕೆಲವೊಮ್ಮೆ ಎಂಜಿನ್ ಬಂದ್ ಮಾಡುತ್ತಿದ್ದರು, ಕೆಲವೊಮ್ಮೆ ಇಲ್ಲ. ಡೀಸೆಲ್ ಉಳಿಸಲು ಎಂದುಕೊಂಡು ಬರೆದುಕೊಂಡೆ. ಉಳಿದ ಚಾಲಕರೂ ಹಾಗೆ ಮಾಡುತ್ತಾರೆ, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎರಡನೆಯ ದಿನ ಇಳಿಯುವಾಗ ನನಗೆ ನಾಚಿಕೆಯಂಥದ್ದೇನೋ ಆಯಿತು. ಇಷ್ಟು ಚೆನ್ನಾಗಿ ಓಡಿಸುವವರನ್ನು ತೆಗೆದುಹಾಕಲು ನನ್ನ ಪುಸ್ತಕವೇ ಸಾಕ್ಷಿಯಾಗಿತ್ತು.

ಮೂರನೆಯ ದಿನ ಮಾರ್ದೋಳದ ನಿಲುಗಡೆಯಲ್ಲಿ ಹತ್ತಬೇಕಾದ ಒಬ್ಬಾಕೆ ಇನ್ನೂ ಬಂದಿರಲಿಲ್ಲ. ವ್ಯಾನು ಚಾಲೂ ಇಟ್ಟು ಕಾಯುತ್ತಿದ್ದೆವು. ಹಿಂದೆ ಹೆಣ್ಣುಮಕ್ಕಳು ಯಾವುದೋ ಸೀರೆಯ ಬಗ್ಗೆ ಮಾತಾಡುತ್ತಿದ್ದರು. ಚಾಚಾ ಇದ್ದಕ್ಕಿದ್ದಂತೆ ಕತ್ತು ಓರೆ ಮಾಡಿ ಏನನ್ನೋ ಆಲಿಸಿದರು. ಮೂಗು ಅರಳಿಸಿದರು. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದರು.

"ಯಾಕ ಬಂದ್ ಮಾಡಿದ್ರಿ?"

"ದಮ್ಮ ಹತ್ತೇತ್ರಿ ಇದಕ್ಕ. ಎರಡ ಮಿನಿಟ ಆರಲಿ."

"ದಮ್ಮ ಅಂದ್ರ?"

"ನಿಮಗ ಕೇಳಸಲಿಲ್ಲೇನ್ರಿ? ನಿಂತಲ್ಲೇ ನಿಂತಿದ್ರೂ ಎಂಜಿನ್ ಅವಾಜ ಒಂದ ಮೆಟ್ಟಲ ಏರ್ತೈತಿ. ಮುಂದಿನ ಪಂಖಾ ಜೋರ ತಿರಗತೈತಿ. ಕಬ್ಬಣ ಕಾದಂಗ ವಾಸನಿ ಬರ್ತೈತಿ. ಗಾಡಿ ಕಾದೇತಿ ಅಂತ ಹೇಳಾಕತ್ತೈತಲ್ರಿ."

ಹಿಂದಿನ ಸೀಟಿನಿಂದ ಒಬ್ಬ ಹೆಣ್ಣುಮಗಳು ದನಿಗೂಡಿಸಿದಳು. ಬಾಗಲಕೋಟೆ ಕಡೆಯವಳು, ಪ್ಯಾಕಿಂಗ್ ವಿಭಾಗದಲ್ಲಿ ಹಳಬಳು.

"ಹೌದ್ರಿ ಮೇಡಮ್. ನಮಗೂ ವಾಸನಿ ಬರ್ತೈತಿ. ನಾವ ಚಾಚಾಗ ಹೇಳೇವಿ, ವಾಸನಿ ಬಂದ್ರ ಮೊದಲ ಬಂದ್ ಮಾಡ್ರಿ ಅಂತ. ಎಲ್ಲೆರ ಬೆಂಕಿ ಹತ್ತಿದ್ರ?"

ನನ್ನ ಬೆರಳುಗಳಲ್ಲಿ ಪೆನ್ನು ಹಾಗೇ ನಿಂತಿತು. ಎಂಜಿನ್ ವೇಗ ಏರುವುದು, ಪಂಖ ಜೋರಾಗುವುದು, ಬಿಸಿ ವಾಸನೆ, ಈ ಮೂರೂ ಮಸಿ ಸುಡಲು ಶುರುವಾದಾಗ ಕಾಣುವ ಲಕ್ಷಣಗಳು. ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಬರೆದಿದೆ. ನಾನು ಓದಿದ್ದೆ, ಆದರೆ ಎಂದೂ ಕೇಳಿಸಿಕೊಂಡಿರಲಿಲ್ಲ, ಮೂಸಿಯೂ ಇರಲಿಲ್ಲ. ಕೈಪಿಡಿಯನ್ನೇ ಓದದ ಚಾಚಾ ಮೂರನ್ನೂ ಗುರುತಿಸಿದ್ದರು. ಗುರುತಿಸಿ, ಪ್ರತಿ ಸಲವೂ ಆ ಕೆಲಸವನ್ನು ನಡುವೆಯೇ ನಿಲ್ಲಿಸುತ್ತಿದ್ದರು. ಉಳಿದ ಐವರು ಚಾಲಕರು ಏನನ್ನೂ ಗಮನಿಸದೆ, ಹಾಡು ಹಾಕಿಕೊಂಡು ಓಡಿಸುತ್ತಿದ್ದರು. ಅವರ ಫಿಲ್ಟರುಗಳು ತಾವೇ ಶುಚಿಯಾಗುತ್ತಿದ್ದವು.

"ಎಷ್ಟು ದಿನದಿಂದ ಹಿಂಗ ಮಾಡಾಕತ್ತೀರಿ ಚಾಚಾ?"

"ಈ ಹೊಸಾ ಗಾಡಿಗೋಳು ಬಂದಾಗಿಂದ್ರಿ. ಈಗೀಗ ಭಾಳ ಬರಾಕತ್ತೈತಿ, ಎರಡ ದಿನಕ್ಕೊಮ್ಮೆ."

ಅರ್ಧಕ್ಕೆ ನಿಂತ ಸುಡುವಿಕೆ ಮತ್ತೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್ ಪೂರ್ತಿ ಉರಿಯದೆ ಸ್ವಲ್ಪ ಸ್ವಲ್ಪ ಎಂಜಿನ್ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಹೆಚ್ಚಾಗಿದೆ ಎಂದು ಅವರು ಹೇಳಿದ್ದು ನಿಜವೆಂದು ನನಗೆ ಆಗ ಹೊಳೆಯಿತು.

"ಬಿಸಿ ವಾಸನಿ ಬಂದ್ರ ಬಂದ್ ಮಾಡಬೇಕು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಮೊದಲ ಊರಿಂದ ಉಳ್ಳಾಗಡ್ಡಿ ಹೇರಕೊಂಡ ಟೆಂಪೋ ತರತಿದ್ನಿ. ಒಮ್ಮೆ ಘಾಟಿನಾಗ ವಾಸನಿ ಬಂತು, ಇನ್ನೊಂದ ತಿರವು ಹೋಗೂಣು ಅಂತ ಹೋದೆ. ಎಂಜಿನ್ ಜಾಮ್ ಆತು. ಮಾಲಕ ಅವತ್ತ ಕೀಲಿ ಕಸಗೊಂಡಾ. ಅವತ್ತಿಂದ ನಾ ವಾಸನಿ ಬಂದ ಮ್ಯಾಲ ಒಂದ ಫರ್ಲಾಂಗ ಓಡಸಿಲ್ರಿ."

ಅಷ್ಟರಲ್ಲಿ ಬರಬೇಕಾದಾಕೆ ಓಡುತ್ತ ಬಂದು ಹತ್ತಿದಳು. ಚಾಚಾ ಕೀಲಿಗೆ ಕೈ ಹಾಕಿದಾಗ ನಾನು ಹೇಳಿದೆ:

"ಈಗ ಚಾಲೂ ಮಾಡ್ರಿ. ಅವಾಜ ಬರಲಿ, ವಾಸನಿ ಬರಲಿ, ನಾ ಹೇಳೂತನಕ ಬಂದ್ ಮಾಡಬ್ಯಾಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಹಿಂದೆ ಸೀರೆಯ ಮಾತು ನಿಂತಿತು.

ಗೇಟಿನಲ್ಲಿ ಎಲ್ಲರನ್ನೂ ಇಳಿಸಿದೆವು, ಎಂಜಿನ್ ಚಾಲೂ ಇತ್ತು. ಅಲ್ಲಿಂದ ಖಾಲಿ ವ್ಯಾನನ್ನು ಫೋಂಡಾ ಕಡೆಯ ದೊಡ್ಡ ರಸ್ತೆಗೆ ತಿರುಗಿಸಲು ಹೇಳಿದೆ. ಗೇರು ಒಂದು ಕಡಿಮೆ ಇಟ್ಟು, ಎಂಜಿನ್ ಸ್ವಲ್ಪ ಜೋರಾಗಿಯೇ ತಿರುಗುವಂತೆ, ನಿಲ್ಲದೆ ಓಡಬೇಕು. ಏಳೆಂಟು ನಿಮಿಷವಾಗುವಾಗ ಮತ್ತೆ ವಾಸನೆ ಬಂತು. ಈ ಸಲ ನನಗೂ ಬಂತು. ಕಾದ ಹಂಚಿನ ಮೇಲೆ ಏನೋ ಸೀದ ಹಾಗೆ. ಚಾಚಾರ ಎಡಗೈ ತಾನಾಗಿಯೇ ಸ್ಟೀರಿಂಗ್ ಬಿಟ್ಟು ಕೀಲಿಯ ಕಡೆ ಹೋಯಿತು.

"ಕೈ ತಗೀರಿ ಚಾಚಾ."

"ಬಾಯಾರ, ಖರೇನ ಕಾದೇತ್ರಿ."

"ಕಾಯಬೇಕು. ನೀವು ಸಾಣಿಗಿ ಅಂತೀರಲ್ಲ, ಅದು ಸಾಣಿಗಿನ. ಹೊಗಿಯೊಳಗಿನ ಮಸಿ ಹಿಡೀತೈತಿ. ತುಂಬಿದಾಗ ಗಾಡಿ ತಾನ ಅದನ್ನ ಸುಡತೈತಿ. ಅದರದ ಈ ವಾಸನಿ. ಕೆಂಪು ದೀಪ ಹತ್ತೈತೇನು ನೋಡ್ರಿ."

"ಇಲ್ರಿ."

"ನೀರಿನ ಕಾವು ತೋರಸೂ ಮುಳ್ಳು ಎಲ್ಲೈತಿ?"

"ನಡುವ ಐತ್ರಿ. ಏರಿಲ್ಲ." ಕೈಯನ್ನು ಮತ್ತೆ ಸ್ಟೀರಿಂಗ್ ಮೇಲಿಟ್ಟು ಕೇಳಿದರು, "ಕೆಟ್ಟದ್ದಕ್ಕೆಲ್ಲಾ ದೀಪ ಇಟ್ಟಾರ. ಚಲೋ ಕೆಲಸಾ ಮಾಡಾಕತ್ತಾಗ ಒಂದ ದೀಪ ಹಚ್ಚಾಕ ಏನಾಗಿತ್ತ್ರಿ ಇವರಿಗೆ?"

ಕೆಲವು ಗಾಡಿಗಳಲ್ಲಿ ಅಂಥ ಸೂಚನೆ ಇದೆ, ನಮ್ಮದರಲ್ಲಿ ಇಲ್ಲ ಎಂದಷ್ಟೇ ಹೇಳಿದೆ. ಹದಿನೆಂಟು ನಿಮಿಷಕ್ಕೆ ಚಾಚಾ ಕತ್ತು ಓರೆ ಮಾಡಿದರು.

"ಅವಾಜ ಇಳೀತ್ರಿ."

ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಫಲಕ ನೋಡಿದೆ. ದೀಪ ಇನ್ನೂ ಹತ್ತಿಕೊಂಡೇ ಇತ್ತು. ಅರ್ಧ ಕಿಲೋಮೀಟರು ಹೋಗುವಷ್ಟರಲ್ಲಿ ಹಳದಿ ಸಾಣಿಗಿ ಆರಿತು.

ಇಬ್ಬರೂ ನಕ್ಕೆವು. ಆದರೆ ವಾಪಸು ಬರುವಾಗ ನನ್ನ ನಗು ಉಳಿಯಲಿಲ್ಲ. ಇಷ್ಟೆಲ್ಲ ಆದದ್ದರ ಮೂಲ ಕಾರಣ ಬೇರೆಯೇ ಇತ್ತು. ವ್ಯಾನುಗಳು ಬಂದ ದಿನ ಮಾರಾಟಗಾರರ ಕಡೆಯಿಂದ ಒಬ್ಬ ಬಂದು ಚಾಲಕರಿಗೆ ಅರ್ಧ ಗಂಟೆ ಹಿಂದಿಯಲ್ಲಿ ಎಲ್ಲ ದೀಪಗಳ ಬಗ್ಗೆ ಹೇಳಿದ್ದ. ಈ ಫಿಲ್ಟರಿನ ಬಗ್ಗೆಯೂ ಹೇಳಿದ್ದ. ಐವರು ಚಾಲಕರಿದ್ದರು, ಚಾಚಾ ಪಾಳಿಯ ಮೇಲಿದ್ದರು. ಆರೂ ಜನರಿಗೆ ತರಬೇತಿ ಆಗಿದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿದ್ದೆ. ಚಾಚಾಗೆ ನಾಳೆ ನಾನೇ ಹೇಳಿದರಾಯಿತು ಎಂದುಕೊಂಡಿದ್ದೆ. ಆಮೇಲೆ ಹೇಳಲೇ ಇಲ್ಲ. ಓದಲು ಬಾರದವರಿಗೆ ಹೇಳಿ ಏನು ಪ್ರಯೋಜನ ಎಂಬ ಯೋಚನೆಯೂ ಎಲ್ಲೋ ಒಳಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಹಿತವೆನಿಸುವುದಿಲ್ಲ.

ಶುಕ್ರವಾರ ವರದಿ ಬರೆಯಲು ಕುಳಿತೆ. ನಮ್ಮ ನಮೂನೆಯಲ್ಲಿ ದೋಷದ ಕಾರಣ ಎಂಬ ಒಂದು ಜಾಗವಿದೆ. "ಚಾಲಕರಿಗೆ ಮಾಹಿತಿಯ ಕೊರತೆ" ಎಂದು ಬರೆದರೆ ಸುಳ್ಳಾಗುತ್ತಿರಲಿಲ್ಲ. ಚಾಚಾ ಉಳಿಯಲೂಬಹುದಿತ್ತು, ನನ್ನ ಹೆಸರು ಬರುತ್ತಲೂ ಇರಲಿಲ್ಲ. ಆ ಮೂರು ಪದ ಬರೆದು ಸುಮಾರು ಹೊತ್ತು ನೋಡುತ್ತ ಕುಳಿತೆ. ಆಮೇಲೆ ಆ ಹಾಳೆ ಹರಿದು, ಹೊಸ ಹಾಳೆಯಲ್ಲಿ ಆದದ್ದನ್ನು ಆದ ಹಾಗೆ ಬರೆದೆ. ಸಹಿಯ ವಿಷಯ ಬರೆದೆ. ಎಣ್ಣೆ ಹೆಚ್ಚಾಗಿದೆ ಎಂದು ಚಾಲಕರು ಮೂರು ಸಲ ತಿಳಿಸಿದ್ದರು, ನಾನು ಪರಿಶೀಲಿಸಲಿಲ್ಲ ಎಂದೂ ಬರೆದೆ.

ವ್ಯವಸ್ಥಾಪಕರು ನಿಧಾನವಾಗಿ ಓದಿದರು.

"ಇದನ್ನ ಹಿಂಗ ಬರೀಬೇಕಂತ ಏನಿರಲಿಲ್ಲ ಮೇಡಮ್."

"ಗೊತ್ತೈತ್ರಿ ಸರ್."

"ಇದಕ್ಕ ನಾ ನಿಮಗ ಎಚ್ಚರಿಕಿ ಪತ್ರ ಕೊಡಬೇಕಾಗ್ತದ."

"ಕೊಡ್ರಿ."

ಪತ್ರ ಸೋಮವಾರವೇ ಬಂತು. ಚಾಚಾ ಉಳಿದರು. ಎರಡೂ ವ್ಯಾನುಗಳ ಎಣ್ಣೆ ಬದಲಿಸಿದೆವು. ಇಳಿಸಿದ ಎಣ್ಣೆ ನೀರಿನಷ್ಟು ತೆಳುವಾಗಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಇನ್ನೊಂದಿಷ್ಟು ದಿನ ಹಾಗೇ ಓಡಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಹದಿಮೂರು ಹೆಣ್ಣುಮಕ್ಕಳ ಅರ್ಧ ದಿನದ ಹಾಜರಿಯನ್ನು ತಿರುಗಿ ಕೊಡಿಸಲು ಕಾರ್ಖಾನೆಗೆ ಪತ್ರ ಬರೆದೆ. ಅದು ಆಗಲಿಲ್ಲ.

ಚಾಚಾರ ಬಳಿ ಹೋಗಿ, ತಪ್ಪು ನನ್ನದು ಎಂದೆ. ಅವರು ವ್ಯಾನಿನ ಗಾಜು ಒರೆಸುತ್ತಿದ್ದರು. ಬಟ್ಟೆ ಹಿಂಡಿ ಮಡಚಿಟ್ಟರು.

"ದೀಪದ್ದು ನನಗ ಗೊತ್ತಿರಲಿಲ್ಲ, ಅದು ಇರಲಿ. ಎಣ್ಣಿದ್ದು ಮೂರ ಸಲ ಹೇಳಿದ್ನಿ ಬಾಯಾರ. ನೀವು ನಕ್ಕಿರಿ."

"ಹೌದು ಚಾಚಾ."

"ನಗಬಾರದಾಗಿತ್ತು."

"ಹೌದು."

ಅಷ್ಟೇ ಮಾತು. ಎರಡು ವಾರ ಅವರು ಬೇಕಾದಷ್ಟೇ ಮಾತಾಡಿದರು. ನಾನೂ ಅವಸರ ಮಾಡಲಿಲ್ಲ. ಒಂದು ಭಾನುವಾರ ಆರೂ ಚಾಲಕರನ್ನು ಕರೆದು ಮತ್ತೆ ತರಬೇತಿ ಇಟ್ಟೆ, ಈ ಸಲ ಕನ್ನಡದಲ್ಲಿ, ವ್ಯಾನಿನ ಪಕ್ಕದಲ್ಲೇ ನಿಂತು. ಗುರುತುಗಳ ಚಿತ್ರಗಳನ್ನು ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ. ಫಿಲ್ಟರಿನ ಚಿತ್ರ ಬಂದಾಗ ಎರಡು ಮಾತು ಹೇಳಿ, ಮುಂದಿನದನ್ನು ಚಾಚಾ ಹೇಳಬೇಕು ಎಂದು ಕೇಳಿಕೊಂಡೆ. ಅವರು ಮೊದಲು ಒಲ್ಲೆ ಎಂದರು. ಆಮೇಲೆ ವ್ಯಾನು ಚಾಲೂ ಮಾಡಿ, ವಾಸ್ಕೋ ದಾರಿಯ ಚಾಲಕನ ಅಂಗೈಯನ್ನು ಬಾನೆಟ್ ಮೇಲೆ ಇಡಿಸಿದರು.

"ಇದು ದಿನದ ಅವಾಜು. ಇದನ್ನ ನೆಪ್ಪಿಟ್ಟಕೋ. ಇದು ಗೊತ್ತಿಲ್ಲದ ಇದ್ರ ಬ್ಯಾರೆ ಅವಾಜ ಹೆಂಗ ತಿಳೀತೈತಿ?"

ಆತ ಹಾಡಿನ ಗುಂಡಿ ಒತ್ತುವುದು ಬಿಟ್ಟು ಎಂಜಿನ್ ಸದ್ದು ಕೇಳಿದ್ದು ಬಹುಶಃ ಅದೇ ಮೊದಲು. ಅವನ ಜೊತೆ ನಾನೂ ಬಾನೆಟ್ ಮೇಲೆ ಕೈ ಇಟ್ಟು ಕೇಳಿದೆ.

ಇದಾಗಿ ಸುಮಾರು ಒಂದು ತಿಂಗಳ ಮೇಲೆ, ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ ನಾನು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನ ಹತ್ತಿರ ನಿಂತಿದ್ದೆ. ಚಿಂಬಲ್ ವ್ಯಾನು ತಿರುವಿನಲ್ಲಿ ಕಾಣಿಸಿತು. ಪಾಳಿ ಶುರುವಾಗಲು ಇನ್ನೂ ಹದಿನಾಲ್ಕು ನಿಮಿಷವಿತ್ತು. ವ್ಯಾನು ಗೇಟಿನ ಹತ್ತಿರ ಬಂತು, ನಿಲ್ಲಲಿಲ್ಲ. ಕಿಟಕಿಗಳಿಂದ ಹೆಣ್ಣುಮಕ್ಕಳು ನಮ್ಮ ಕಡೆ ಕೈ ಬೀಸಿದರು. ವ್ಯಾನು ಗೇಟು ದಾಟಿ ಮುಂದೆ ಹೋಗಿಯೇಬಿಟ್ಟಿತು.

ಕಾವಲುಗಾರ ಸೀಟಿ ಊದುತ್ತ ರಸ್ತೆಗೆ ಓಡಿದ. "ಎಲ್ಲಿಗೆ ಹೊಂಟಾನಿವ ಎಲ್ಲಾರನ್ನೂ ತಗೊಂಡು?"

ನಾನು ಗಡಿಯಾರ ನೋಡುತ್ತ ನಿಂತೆ. ಎಂಟು ನಿಮಿಷ, ಒಂಬತ್ತು ನಿಮಿಷ. ಹನ್ನೊಂದನೇ ನಿಮಿಷಕ್ಕೆ ವ್ಯಾನು ಆಚೆ ತಿರುವಿನಿಂದ ಮರಳಿ ಬಂದು ಗೇಟಿಗೆ ನಿಂತಿತು. ಹೆಣ್ಣುಮಕ್ಕಳು ನಗುತ್ತ, ಒಬ್ಬರನ್ನೊಬ್ಬರು ನೂಕುತ್ತ ಇಳಿದರು. ಕಾವಲುಗಾರ ಚಾಚಾರ ಮೇಲೆ ಏರಿ ಹೋಗುವಷ್ಟರಲ್ಲಿ ಹಿಂದಿನ ಸೀಟಿನ ಬಾಗಲಕೋಟೆಯಾಕೆ ನಡುವೆ ಬಂದಳು.

"ಚಾಚಾಗ ಯಾಕ ಬೈತೀ? ನಾವ ಹೇಳಿದ್ವಿ ಇನ್ನೊಂದ ಸುತ್ತ ಹೊಡೀರಿ ಅಂತ. ಮಸಿ ಸುಡಾಕತ್ತಿತ್ತು. ನಡುವ ಬಂದ್ ಮಾಡಬಾರದು, ನಿನಗ ಗೊತ್ತಿಲ್ಲೇನು?"

ಹಾಗೆಂದವಳೇ ಹಾಜರಿಯ ಕಾರ್ಡು ಒತ್ತಲು ಒಳಗೆ ಓಡಿದಳು. ಇನ್ನೂ ಮೂರು ನಿಮಿಷ ಇತ್ತು.